ಗೃಹೋಪಯೋಗಿ ವಿಷಯಗಳು: ಡಿಜಿಟಲ್ ಕ್ಯಾಮರಾದೊಡನೆ ಮೊದಲನೆಯ ಸಂಜೆ

ಮನೆಗೆ ಹೊಸದಾಗಿ ಬಂದ ಸಾಮಾನು ಯಾವುದೇ ಆಗಲಿ, ಅದನ್ನು ಪಳಗಿಸಿಕೊಂಡ ಮೇಲೆಯೇ ಕೆಲಸಕ್ಕೆ ಹಚ್ಚುವುದು ನಮ್ಮ ಗೃಹಸ್ಥರ ರೂಢಿ. ಹೊಸ ಮಣ್ಣಿನ ಗಡಿಗೆಯನ್ನು ತಂದೊಡನೆ ಒಲೆಯ ಮೇಲಿಡುವವರಿಲ್ಲ. ಹೊಸ ಒರಳಿನಲ್ಲಿ ಮೊದಲು ಒಂದೆರಡು ಹಿಡಿ ಅಕ್ಕಿಯನ್ನು ರುಬ್ಬಿ ಚೆಲ್ಲಿ, ಕಲ್ಲಿನ ಪುಡಿ ಹೋಯಿತೆಂದು ಖಾತ್ರಿಯಾದ ಮೇಲೆಯೇ ಇಡ್ಲಿಗೆ ಬೇಳೆ ನೆನೆಹಾಕುವರು. ಆದರೆ ಕ್ಯಾಮರಾದ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನೆಲ್ಲ ಮರೆಯುತ್ತೇವೆ. ಮದುವೆಯೋ ಉಪನಯನವೋ ನಾಳೆ ಎನ್ನುವಾಗ ಅದನ್ನು ಕೊಳ್ಳುವುದು, ಪೆಟ್ಟಿಗೆಯನ್ನು ಒಡೆದ ಗಳಿಗೆಯಲ್ಲಿಯೇ ಎಲ್ಲರ ಮುಖಕ್ಕೂ ಹಿಡಿಯುವುದು, ಜೊತೆಯಲ್ಲಿ ಬಂದ ಪುಸ್ತಕವನ್ನು ಮಕ್ಕಳ ಆಟಕ್ಕೆ ಬಿಡುವುದು: ಇದು ಬಹು ಮನೆಗಳಲ್ಲಿ ನಡೆಯುವ ಕ್ರಮ.

ಈ ಅವಸರದ ಫಲವನ್ನು ನಮ್ಮ ಮನೆಯವರು ಒಮ್ಮೆ ಚೆನ್ನಾಗಿ ಉಂಡಿದ್ದೇವೆ. ೨೦೦೯ನೆಯ ಇಸವಿಯಲ್ಲಿ ನಮ್ಮ ತಂದೆಯವರಿಗೆ ಎಂಬತ್ತು ವರ್ಷ ಮೀರಲು, ಸಹಸ್ರಚಂದ್ರದರ್ಶನದ ಶಾಂತಿಯನ್ನು ಮನೆಯಲ್ಲಿಯೇ ನಡೆಸಿದೆವು. ಹಿಂದಿನ ರಾತ್ರಿ ಅಣ್ಣನ ಮಗನು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಹೊಸ ಡಿಜಿಟಲ್ ಕ್ಯಾಮರಾ ಒಂದನ್ನು ತಂದನು. ಪುಸ್ತಕವನ್ನು ಒಮ್ಮೆ ನೋಡೋಣವೆಂದರೆ, “ಅದೆಲ್ಲ ಯಾಕೆ ಚಿಕ್ಕಪ್ಪ, ಗುಂಡಿ ಒತ್ತಿದರೆ ಆಯಿತು” ಎಂದು ನಕ್ಕನು. ನನಗೂ ಮರುದಿನದ ಹೂವು ಹಣ್ಣುಗಳ ಯೋಚನೆ, ಸುಮ್ಮನಾದೆನು. ಬೆಳಿಗ್ಗೆ ಹದಿನಾಲ್ಕು ಚಿತ್ರಗಳಾಗುವಷ್ಟರಲ್ಲಿ ಯಂತ್ರವು ಇನ್ನು ಸ್ಥಳವಿಲ್ಲವೆಂದು ನಿಂತುಹೋಯಿತು. ಮೆಮೊರಿ ಕಾರ್ಡು ಪೆಟ್ಟಿಗೆಯಲ್ಲಿಯೇ ಉಳಿದಿತ್ತು. ಅದುವರೆಗಿನ ಚಿತ್ರಗಳು ಕ್ಯಾಮರಾದ ಒಡಲಿನಲ್ಲಿಯೇ ಇರುವ ಅಲ್ಪವಾದ ಜಾಗದಲ್ಲಿ ಸೇರಿಕೊಂಡಿದ್ದವು. ಕಾರ್ಡನ್ನು ಹುಡುಕಿ ಹಾಕುವಷ್ಟರಲ್ಲಿ ಕಲಶಾಭಿಷೇಕವು ಮುಗಿದುಹೋಯಿತು. ಆಮೇಲೆ ಬಂಧುಗಳ ಗುಂಪುಗಳು, ಊಟದ ಪಂಕ್ತಿಗಳು, ತಂದೆಯವರು ಮೊಮ್ಮಕ್ಕಳಿಗೆ ಅಕ್ಷತೆ ಹಾಕಿದುದು, ಇವುಗಳನ್ನೆಲ್ಲ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಹಿಡಿದೆವು.

ಆ ಇನ್ನೂರರಲ್ಲಿ ಇಂದು ಒಂದೂ ಉಳಿದಿಲ್ಲ. ಚಿತ್ರಗಳನ್ನು ಅಣ್ಣನ ಮಗನು ಕಂಪ್ಯೂಟರಿಗೆ ತೆಗೆದಿಟ್ಟಿರುವನೆಂದು ನಾವೂ, ನಾವು ತೆಗೆದಿಟ್ಟಿದ್ದೇವೆಂದು ಅವನೂ ತಿಳಿದಿದ್ದೆವು. ಎರಡು ತಿಂಗಳ ಮೇಲೆ ಹುಡುಗರು ಪ್ರವಾಸಕ್ಕೆ ಹೊರಟಾಗ ಕಾರ್ಡನ್ನು ಬರಿದು ಮಾಡಿ, ಅದರ ಮೇಲೆ ನಾನೂರು ಹೊಸ ಚಿತ್ರಗಳನ್ನು ತೆಗೆದುಕೊಂಡು ಬಂದರು. ಮರುವರ್ಷ ತಂದೆಯವರು ತೀರಿಕೊಂಡರು. ಇದರಲ್ಲಿ ಯಂತ್ರದ ತಪ್ಪು ಏನೂ ಇರಲಿಲ್ಲ, ಹುಡುಗರ ತಪ್ಪೂ ಅಷ್ಟಿರಲಿಲ್ಲ. ಚಿತ್ರ ತೆಗೆಯುವುದಕ್ಕೆ ಮೊದಲು ಒಂದು ಗಂಟೆಯನ್ನೂ ತೆಗೆದ ಮೇಲೆ ಒಂದು ಗಂಟೆಯನ್ನೂ ಮನೆಯ ಹಿರಿಯರಾದ ನಾವು ಮೀಸಲಿಡದೆ ಹೋದುದೇ ಮೂಲ. ಆ ಎರಡು ಗಂಟೆಗಳಲ್ಲಿ ಮಾಡತಕ್ಕದ್ದೇನೆಂಬುದನ್ನು ವಾಚಕರ ಮುಂದಿಡುವುದು ಈ ಸಂಚಿಕೆಯ ಉದ್ದೇಶ.

ಕೈಫೋನಿನಲ್ಲಿಯೇ ಕ್ಯಾಮರಾ ಇರುವಾಗ ಬೇರೆ ಯಂತ್ರವೇಕೆ ಎಂದು ಕೆಲವರು ಕೇಳಬಹುದು. ಅವರ ಮಾತಿನಲ್ಲಿ ನಿಜವಿದೆ. ೨೦೧೦ರಲ್ಲಿ ಲೋಕದಾದ್ಯಂತ ಇಂತಹ ಸಣ್ಣ ಕ್ಯಾಮರಾಗಳು ಹತ್ತು ಕೋಟಿಗೂ ಮೀರಿ ಕಾರ್ಖಾನೆಗಳಿಂದ ಹೊರಬಿದ್ದರೆ, ೨೦೨೩ರಲ್ಲಿ ಇಪ್ಪತ್ತು ಲಕ್ಷವೂ ಬರಲಿಲ್ಲ. ಆದರೂ ಇದು ಸಂಪೂರ್ಣವಾಗಿ ಮರೆಯಾಗಿಲ್ಲ. ಅಲ್ಲದೆ ಈಚೆಗೆ ತರುಣರು ಬೀರುವಿನ ಮೂಲೆಗಳಿಂದ ತಂದೆತಾಯಿಗಳ ಹಳೆಯ ಕ್ಯಾಮರಾಗಳನ್ನು ಹೊರತೆಗೆದು ಆಸ್ಥೆಯಿಂದ ಬಳಸುತ್ತಿದ್ದಾರೆ. ದೂರದ ವಸ್ತುವನ್ನು ಮಸೂರಗಳ ಚಲನೆಯಿಂದಲೇ ಹತ್ತಿರಕ್ಕೆ ತರುವ ಶಕ್ತಿ ಇದಕ್ಕುಂಟು. ಚಿತ್ರ ತೆಗೆಯುತ್ತಿರುವಾಗ ಕರೆ ಬಂದು ಕೆಡಿಸುವುದಿಲ್ಲ. ಹನ್ನೆರಡು ವರ್ಷದ ಮಗುವಿನ ಕೈಗೆ ಕೊಟ್ಟರೆ ಅದು ಚಿತ್ರವನ್ನಲ್ಲದೆ ಬೇರೇನನ್ನೂ ನೋಡುವಂತಿಲ್ಲ. ಇವು ಸಾಮಾನ್ಯವಾದ ಗುಣಗಳಲ್ಲ.

ಯಂತ್ರದ ಒಳಗನ್ನು ಸ್ವಲ್ಪ ತಿಳಿದರೆ ಮುಂದಿನ ಮಾತುಗಳು ಸುಲಭವಾಗುತ್ತವೆ. ಹಿಂದಿನ ಕ್ಯಾಮರಾಗಳಲ್ಲಿ ಬೆಳಕು ಫಿಲ್ಮಿನ ಮೇಲೆ ಬಿದ್ದು ರಾಸಾಯನಿಕ ಮಾರ್ಪಾಟನ್ನುಂಟುಮಾಡುತ್ತಿತ್ತು. ಇದರಲ್ಲಿ ಫಿಲ್ಮಿನ ಸ್ಥಾನದಲ್ಲಿ ಸೆನ್ಸರ್ ಎಂಬ ಸಿಲಿಕಾನಿನ ಬಿಲ್ಲೆ ಇದೆ. ಅದರ ಮೈಮೇಲೆ ಲಕ್ಷಗಟ್ಟಲೆ ಸೂಕ್ಷ್ಮವಾದ ಮನೆಗಳಿದ್ದು, ಒಂದೊಂದು ಮನೆಯೂ ತನ್ನ ಮೇಲೆ ಬಿದ್ದ ಬೆಳಕಿಗೆ ತಕ್ಕಷ್ಟು ವಿದ್ಯುತ್ತನ್ನು ಕೂಡಿಹಾಕುತ್ತದೆ. ಆ ಮೊತ್ತಗಳನ್ನು ಅಂಕಿಗಳಾಗಿ ಬರೆದಿಟ್ಟುದೇ ಡಿಜಿಟಲ್ ಚಿತ್ರ. ಮನೆಗಳಿಗೆ ಬಣ್ಣದ ಭೇದ ತಿಳಿಯದಾದುದರಿಂದ ಅವುಗಳ ಮೇಲೆ ಕೆಂಪು, ಹಸುರು, ನೀಲಿಯ ಸಣ್ಣ ಸೋಸುಗಾಜುಗಳನ್ನು ಹೊದಿಸಿರುತ್ತಾರೆ. ನಮ್ಮ ಕಣ್ಣು ಹಸುರಿನಲ್ಲಿ ಹೆಚ್ಚು ಸೂಕ್ಷ್ಮವಾಗಿರುವುದರಿಂದ ಅರ್ಧದಷ್ಟು ಮನೆಗಳು ಹಸುರಿಗೇ ಮೀಸಲು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬವರು ಇಂತಹ ಬಿಲ್ಲೆಯ ಮೂಲತತ್ತ್ವವನ್ನು ಕಂಡುಹಿಡಿದರು; ಅದಕ್ಕಾಗಿ ೨೦೦೯ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲನ್ನು ಪಡೆದರು. ೧೯೭೫ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ತರುಣ ಇಂಜಿನಿಯರು ಸ್ವತಂತ್ರವಾಗಿ ಕೈಯಲ್ಲಿ ಹಿಡಿದೊಯ್ಯಬಹುದಾದ ಮೊದಲ ಡಿಜಿಟಲ್ ಕ್ಯಾಮರಾವನ್ನು ಕಟ್ಟಿದನು. ಅದರ ತೂಕ ಮೂರೂವರೆ ಕಿಲೋಗ್ರಾಮಿಗೂ ಹೆಚ್ಚು; ಚಿತ್ರದಲ್ಲಿದ್ದ ಚುಕ್ಕೆಗಳು ಹತ್ತು ಸಾವಿರ; ಒಂದು ಚಿತ್ರವನ್ನು ಕ್ಯಾಸೆಟ್ ಸುರುಳಿಯಲ್ಲಿ ಬರೆಯಲು ೨೩ ಸೆಕೆಂಡು ಬೇಕಾಗಿತ್ತು. ಇಂದು ಅಂಗಿಯ ಜೇಬಿನಲ್ಲಿ ಸೇರುವ ಯಂತ್ರವು ಕೋಟಿಗಿಂತಲೂ ಹೆಚ್ಚು ಚುಕ್ಕೆಗಳನ್ನು ಕ್ಷಣಮಾತ್ರದಲ್ಲಿ ಬರೆಯುತ್ತದೆ.

ಇನ್ನು ಮೊದಲನೆಯ ಸಂಜೆಯ ಕೆಲಸ. ದೀಪ ಹಚ್ಚುವ ಹೊತ್ತಿಗೆ ಮನೆಯವರೆಲ್ಲ ಬಿಡುವಾಗಿರುವ ದಿನವನ್ನು ಆರಿಸಿಕೊಂಡು, ಮೇಜಿನ ಮೇಲೆ ಒಂದು ಶುಭ್ರವಾದ ವಸ್ತ್ರವನ್ನು ಹಾಸಿ ಪೆಟ್ಟಿಗೆಯನ್ನು ತೆರೆಯಿರಿ.

೧. ಬ್ಯಾಟರಿ. ಹೊಸ ಬ್ಯಾಟರಿಯಲ್ಲಿ ವಿದ್ಯುತ್ತು ಪೂರ್ಣವಾಗಿರುವುದಿಲ್ಲ. ಆದುದರಿಂದ ಮೊದಲು ಅದನ್ನು ಚಾರ್ಜರಿನಲ್ಲಿಟ್ಟು ದೀಪದ ಸೂಚನೆ ಬರುವವರೆಗೂ ತುಂಬಿಸತಕ್ಕದ್ದು. ಪೂರ್ತಿ ಬರಿದಾದ ಮೇಲೆಯೇ ತುಂಬಿಸಬೇಕೆಂಬ ಹಳೆಯ ನಂಬಿಕೆ ಲಿಥಿಯಂ ಬ್ಯಾಟರಿಗಳಿಗೆ ಸಲ್ಲದು. ಇವುಗಳಿಗೆ ಆಗಾಗ್ಗೆ ಸ್ವಲ್ಪ ಸ್ವಲ್ಪವಾಗಿ ತುಂಬಿಸುವುದೇ ಹಿತ. ಬಹುಕಾಲ ಬಳಸದೆ ಇಡುವುದಾದರೆ ಅರ್ಧದಷ್ಟು ತುಂಬಿಸಿ ತಂಪಾದ ಕಡೆ ಇಡಬೇಕು. ಕೂರಿಸುವಾಗ ಲೋಹದ ಬಾಯಿಗಳು ಯಾವ ಕಡೆಗಿರಬೇಕೆಂಬ ಚಿತ್ರವು ಮುಚ್ಚಳದ ಒಳಬದಿಯಲ್ಲಿರುತ್ತದೆ; ಬಲವಂತ ಮಾಡಲಾಗದು. ಕೆಲವು ಕ್ಯಾಮರಾಗಳು ಗಡಿಯಾರ ರೇಡಿಯೋಗಳಿಗೆ ಹಾಕುವಂತಹ ಕಡ್ಡಿ ಸೆಲ್ಲುಗಳಿಂದ ನಡೆಯುತ್ತವೆ. ಅವುಗಳಿಗೆ ಅಗ್ಗದ ಸೆಲ್ಲುಗಳನ್ನು ಹಾಕಿದರೆ ಕೆಲವೇ ಚಿತ್ರಗಳಲ್ಲಿ ನಿತ್ರಾಣವಾಗುತ್ತವೆ. ಮತ್ತೆ ಮತ್ತೆ ತುಂಬಿಸಬಹುದಾದ ನಿಕಲ್ ಲೋಹದ ಸೆಲ್ಲುಗಳೇ ಯೋಗ್ಯ.

೨. ಮೆಮೊರಿ ಕಾರ್ಡು. ಕ್ಯಾಮರಾದ ಒಡಲಿನಲ್ಲಿರುವ ಜಾಗವನ್ನು ನಂಬಿ ಯಾರೂ ಕೆಡಬಾರದು. ಕೆಲವು ಯಂತ್ರಗಳಲ್ಲಿ ಅದು ಇರುವುದೇ ಇಲ್ಲ, ಇದ್ದರೆ ಹತ್ತಿಪ್ಪತ್ತು ಚಿತ್ರಗಳಿಗೆ ಮುಗಿಯುತ್ತದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಅಂಚೆಯ ಚೀಟಿಯಷ್ಟಿರುವ ಎಸ್‌ಡಿ ಕಾರ್ಡು. ಇದರಲ್ಲಿ ಮುಖ್ಯವಾಗಿ ಮೂರು ತರಗತಿಗಳಿವೆ: ಎರಡು ಗಿಗಾಬೈಟಿನವರೆಗಿನ ಎಸ್‌ಡಿ, ಅಲ್ಲಿಂದ ಮೂವತ್ತೆರಡರವರೆಗಿನ ಎಸ್‌ಡಿಎಚ್‌ಸಿ, ಅದಕ್ಕೂ ಮೇಲಿನ ಎಸ್‌ಡಿಎಕ್ಸ್‌ಸಿ. ಮೂರೂ ಒಂದೇ ಆಕಾರದಲ್ಲಿರುವುದರಿಂದ ಅಂಗಡಿಯಲ್ಲಿ ಮೋಸಹೋಗುವುದು ಸುಲಭ. ಹೊಸ ಕ್ಯಾಮರಾ ಹಳೆಯ ಕಾರ್ಡನ್ನು ಓದುತ್ತದೆ. ಹಳೆಯ ಕ್ಯಾಮರಾ ಹೊಸ ಕಾರ್ಡನ್ನು ಓದಲಾರದು. ಪುಸ್ತಕದಲ್ಲಿ ಯಾವುದನ್ನು ಹೇಳಿದೆಯೋ ಅದನ್ನೇ ನಂಬಿಕೆಯ ಅಂಗಡಿಯಲ್ಲಿ ಕೊಳ್ಳಬೇಕು. ಕಾರ್ಡಿನ ಎಡ ಅಂಚಿನಲ್ಲಿ ಉಗುರಿನಿಂದ ಸರಿಸಬಹುದಾದ ಒಂದು ಬೀಗವುಂಟು. ಅದು ಕೆಳಕ್ಕೆ ಜಾರಿದ್ದರೆ ಯಂತ್ರವು ಒಂದು ಚಿತ್ರವನ್ನೂ ಬರೆಯಲಾರದು. ಯಂತ್ರವೇ ಕೆಟ್ಟಿತೆಂದು ಗಾಬರಿಪಡುವ ಮೊದಲು ಇದನ್ನು ನೋಡತಕ್ಕದ್ದು. ಹೊಸ ಕಾರ್ಡನ್ನು ಹಾಕಿದ ಮೇಲೆ ಕ್ಯಾಮರಾದ ಮೆನುವಿನಲ್ಲಿ ಫಾರ್ಮ್ಯಾಟ್ ಎಂಬುದನ್ನು ಆರಿಸಿ, ಒಮ್ಮೆ ಹದಗೊಳಿಸಬೇಕು. ಹೊಲವನ್ನು ಉತ್ತಂತೆ ಇದು. ಮೊದಲಿದ್ದ ಬೆಳೆಯೊಂದೂ ನಿಲ್ಲುವುದಿಲ್ಲ. ಹೊಸ ಕಾರ್ಡಿಗೆ ಇದು ಅವಶ್ಯ, ಚಿತ್ರಗಳಿರುವ ಕಾರ್ಡಿಗೆ ಸರ್ವನಾಶ.

೩. ದಿನ ಮತ್ತು ವೇಳೆ. ಮೊದಲ ಸಲ ತೆರೆದಾಗ ಕ್ಯಾಮರಾವು ದಿನಾಂಕವನ್ನು ಕೇಳುತ್ತದೆ. ಇದನ್ನು ದಾಟಿಹೋಗುವವರೇ ಹೆಚ್ಚು. ಅವರು ತೆಗೆದ ಚಿತ್ರಗಳ ಮೇಲೆಲ್ಲ ಯಂತ್ರವು ಕಾರ್ಖಾನೆಯಲ್ಲಿ ಕಲಿತ ಯಾವುದೋ ಒಂದು ಜನವರಿ ಒಂದನೆಯ ತಾರೀಖನ್ನು ಬರೆಯುತ್ತ ಹೋಗುತ್ತದೆ. ಪ್ರತಿಯೊಂದು ಚಿತ್ರದ ಒಡಲಿನಲ್ಲಿಯೂ ತೆಗೆದ ದಿನ, ಗಂಟೆ, ನಿಮಿಷಗಳು ಅಡಗಿರುತ್ತವೆ; ಹತ್ತು ವರ್ಷಗಳ ಮೇಲೆ ಸಾವಿರಾರು ಚಿತ್ರಗಳನ್ನು ಸಾಲುಗೊಳಿಸಲು ಅದೊಂದೇ ಆಧಾರ. ಮೊದಲು ವಲಯವನ್ನು ಆರಿಸಿ. ಪಟ್ಟಿಯಲ್ಲಿ ದೆಹಲಿ ಅಥವಾ ಕೋಲ್ಕತದ ಹೆಸರಿರುವುದೇ ನಮ್ಮದು, ಗ್ರೀನಿಚ್ಚಿನಿಂದ ಐದೂವರೆ ಗಂಟೆ ಮುಂದೆ. ಆಮೇಲೆ ತಾರೀಖನ್ನು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ತೋರಿಸುವಂತೆ ಹೇಳಿ; ಇಲ್ಲದಿದ್ದರೆ ಆಗಸ್ಟ್ ಮೂರು ಮಾರ್ಚಿ ಎಂಟಾಗುತ್ತದೆ. ಬೆಳಗು ಸಂಜೆಗಳ ವ್ಯತ್ಯಾಸವನ್ನೂ ಗಮನಿಸಿ. ಈ ಗಡಿಯಾರವನ್ನು ನಡೆಸಲು ಒಳಗೆ ಬೇರೊಂದು ಪುಟ್ಟ ಸೆಲ್ಲು ಇದ್ದು, ಅದು ದೊಡ್ಡ ಬ್ಯಾಟರಿಯಿಂದಲೇ ಶಕ್ತಿಯನ್ನು ಪಡೆಯುತ್ತದೆ. ಬ್ಯಾಟರಿಯನ್ನು ಬಹುದಿನ ತೆಗೆದಿಟ್ಟರೆ ಗಡಿಯಾರವು ಮತ್ತೆ ಮರವೆಗೆ ಬೀಳುವುದರಿಂದ, ಪ್ರತಿಯೊಂದು ಸಮಾರಂಭಕ್ಕೆ ಮುಂಚೆಯೂ ತಾರೀಖನ್ನು ನೋಡಿಕೊಳ್ಳುವುದು ಒಳ್ಳೆಯದು. ಆದರೆ ತಾರೀಖನ್ನು ಚಿತ್ರದ ಮೂಲೆಯಲ್ಲಿ ಕಿತ್ತಳೆಯ ಬಣ್ಣದಲ್ಲಿ ಅಚ್ಚೊತ್ತಿಸುವ ಏರ್ಪಾಟನ್ನು ಮಾತ್ರ ನಿಲ್ಲಿಸಿಬಿಡಿ. ಒಳಗೆ ಬರೆದ ತಾರೀಖು ತಪ್ಪಿದರೆ ಕಂಪ್ಯೂಟರಿನಲ್ಲಿ ತಿದ್ದಬಹುದು. ಸೀರೆಯ ಸೆರಗಿನ ಮೇಲೆ ಬಿದ್ದ ಅಂಕಿಗಳನ್ನು ಅಳಿಸಲು ಬರುವುದಿಲ್ಲ.

೪. ಚಿತ್ರದ ಅಳತೆ. ಮೆನುವಿನಲ್ಲಿ ದೊಡ್ಡದು, ನಡುವಣದು, ಚಿಕ್ಕದು ಎಂಬ ಅಳತೆಗಳುಂಟು. ಕಾರ್ಡಿನಲ್ಲಿ ಹೆಚ್ಚು ಚಿತ್ರಗಳು ಹಿಡಿಯಲೆಂದು ಚಿಕ್ಕದನ್ನು ಆರಿಸುವುದು ಸುಳ್ಳು ಉಳಿತಾಯ. ಕಾಗದದ ಮೇಲೆ ಅಂದವಾಗಿ ಮೂಡಲು ಅಂಗುಲಕ್ಕೆ ಮುನ್ನೂರು ಚುಕ್ಕೆಗಳು ಬೇಕೆಂದು ಲೆಕ್ಕ. ೪೦೦೦ ಉದ್ದ, ೩೦೦೦ ಅಗಲ ಚುಕ್ಕೆಗಳ ದೊಡ್ಡ ಚಿತ್ರವು ಹದಿಮೂರು ಅಂಗುಲದ ಪಟವಾಗಿ ಗೋಡೆಗೇರಬಲ್ಲದು. ೬೪೦ಕ್ಕೆ ೪೮೦ರ ಚಿಕ್ಕ ಚಿತ್ರವು ಎರಡು ಅಂಗುಲಕ್ಕೆ ನಿಲ್ಲುತ್ತದೆ. ದೊಡ್ಡದನ್ನು ಎಂದಾದರೂ ಕಿರಿದು ಮಾಡಬಹುದು. ಚಿಕ್ಕದನ್ನು ಹಿರಿದು ಮಾಡಲಾಗದು. ಇನ್ನೊಂದು ಮಾತು: ಇಂತಹ ಕ್ಯಾಮರಾಗಳ ಚಿತ್ರವು ನಾಲ್ಕಕ್ಕೆ ಮೂರರ ಪ್ರಮಾಣದಲ್ಲಿರುತ್ತದೆ, ಸ್ಟುಡಿಯೋದಲ್ಲಿ ಕೊಡುವ ಪ್ರತಿ ಆರು ಅಂಗುಲಕ್ಕೆ ನಾಲ್ಕು. ಆದುದರಿಂದ ಅಚ್ಚು ಹಾಕುವಾಗ ಮೇಲೂ ಕೆಳಗೂ ಸ್ವಲ್ಪ ಕತ್ತರಿಸಿ ಹೋಗುತ್ತದೆ. ನಿಂತ ಗುಂಪನ್ನು ತೆಗೆಯುವಾಗ ತಲೆಯ ಮೇಲೆ ಒಂದಿಷ್ಟು ಬಯಲನ್ನು ಬಿಟ್ಟಿರಬೇಕು.

೫. ಸಂಖ್ಯೆ ಮತ್ತು ಜೂಮು. ಕ್ಯಾಮರಾವು ಚಿತ್ರಗಳಿಗೆ ಒಂದರಿಂದ ಮೊದಲಾಗಿ ಸಂಖ್ಯೆಗಳನ್ನು ಕೊಡುತ್ತದೆ. ಕಾರ್ಡನ್ನು ಬರಿದು ಮಾಡಿದಾಗಲೆಲ್ಲ ಮತ್ತೆ ಒಂದರಿಂದ ಎಣಿಸುವ ಯಂತ್ರಗಳೂ ಇವೆ. ಆಗ ಯುಗಾದಿಯ ಒಂದನೆಯ ಚಿತ್ರಕ್ಕೂ ದೀಪಾವಳಿಯ ಒಂದನೆಯ ಚಿತ್ರಕ್ಕೂ ಒಂದೇ ಹೆಸರಾಗಿ, ಕಂಪ್ಯೂಟರಿನಲ್ಲಿ ಒಂದು ಮತ್ತೊಂದನ್ನು ನುಂಗುವ ಅಪಾಯವುಂಟು. ಸಂಖ್ಯೆಯು ಮುಂದುವರಿಯುವಂತೆ ಮಾಡುವ ಏರ್ಪಾಟು ಮೆನುವಿನಲ್ಲಿದ್ದರೆ ಅದನ್ನು ಆರಿಸಿರಿ. ಡಿಜಿಟಲ್ ಜೂಮ್ ಎಂಬುದನ್ನು ನಿಲ್ಲಿಸಿರಿ. ಅದು ಮಸೂರದ ಕೆಲಸವಲ್ಲ. ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಉಪಾಯ ಮಾತ್ರ. ಮೆನುವಿನಲ್ಲಿರುವ ಉಳಿದ ನೂರು ಏರ್ಪಾಟುಗಳನ್ನು ಸದ್ಯಕ್ಕೆ ಯಂತ್ರದ ವಿವೇಚನೆಗೇ ಬಿಡಬಹುದು.

ಇಷ್ಟಾದ ಮೇಲೆ ಅಭ್ಯಾಸ. ಗುಂಡಿಯನ್ನು ಒತ್ತುವುದರಲ್ಲಿ ಎರಡು ಮೆಟ್ಟಿಲುಗಳಿವೆ ಎಂಬುದನ್ನು ಮೊದಲು ಬೆರಳು ಕಲಿಯಬೇಕು. ಅರ್ಧ ಒತ್ತಿ ಹಿಡಿದರೆ ಯಂತ್ರವು ದೂರವನ್ನೂ ಬೆಳಕನ್ನೂ ಅಳೆದು, ಹಸುರು ಚೌಕವನ್ನು ತೋರಿಸಿ, ಸಣ್ಣ ದನಿಯನ್ನು ಮಾಡುತ್ತದೆ. ಬೆರಳನ್ನು ಎತ್ತದೆ ಉಳಿದರ್ಧವನ್ನು ಮೆಲ್ಲಗೆ ಒತ್ತಿದರೆ ಚಿತ್ರ ಬೀಳುತ್ತದೆ. ಒಂದೇ ಸಲಕ್ಕೆ ಕುಟುಕಿದರೆ ಯಂತ್ರವು ಅಳತೆಯನ್ನು ಮಾಡಿ ಮುಗಿಸುವಷ್ಟರಲ್ಲಿ ಮಗುವಿನ ನಗು ಮಾಯವಾಗಿರುತ್ತದೆ, ಕೈಯೂ ಅಲುಗಿರುತ್ತದೆ. ಮಾಲೆ ಹಾಕುವ ಗಳಿಗೆ, ಧಾರೆಯೆರೆಯುವ ಗಳಿಗೆ, ಇಂತಹವುಗಳಿಗೆ ಅರ್ಧ ಒತ್ತಿಕೊಂಡು ಕಾದಿರುವುದೇ ಉಪಾಯ. ಮೇಜಿನ ಮೇಲೆ ಒಂದು ಚೊಂಬನ್ನಿಟ್ಟು ಇಪ್ಪತ್ತು ಸಲ ಹೀಗೆ ಮಾಡಿದರೆ ಬೆರಳಿಗೆ ಅದು ರೂಢಿಯಾಗುತ್ತದೆ. ಎರಡು ಕೈಗಳಿಂದಲೂ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೊಳ್ಳತಕ್ಕದ್ದು. ಎಡಗೈಯ ಬೆರಳು ಫ್ಲ್ಯಾಷಿನ ಕಿಟಕಿಯನ್ನು ಮುಚ್ಚದಿರಲಿ.

ಬೆಳಕಿನ ವಿಷಯವೇ ಎಲ್ಲಕ್ಕಿಂತ ಮುಖ್ಯವಾದುದು. ಸಣ್ಣ ಕ್ಯಾಮರಾಗಳಲ್ಲಿ ಬಹುಪಾಲಿನ ಸೆನ್ಸರು ಆರು ಮಿಲಿಮೀಟರು ಉದ್ದ, ನಾಲ್ಕೂವರೆ ಮಿಲಿಮೀಟರು ಅಗಲವಿರುತ್ತದೆ; ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಹಿಂದಿನ ಫಿಲ್ಮಿನ ಚಿತ್ರಚೌಕಕ್ಕೆ ಹೋಲಿಸಿದರೆ ಮೂವತ್ತರಲ್ಲಿ ಒಂದು ಪಾಲು. ಇಷ್ಟು ಚಿಕ್ಕ ಬೊಗಸೆಯಲ್ಲಿ ಹಿಡಿಯುವ ಬೆಳಕು ಸ್ವಲ್ಪವೇ ಆದುದರಿಂದ, ಕತ್ತಲೆಯ ಕೋಣೆಯಲ್ಲಿ ಯಂತ್ರವು ಇಲ್ಲದ ಬೆಳಕನ್ನು ಬಲವಂತವಾಗಿ ಹೆಚ್ಚಿಸಿ ತೋರಿಸಲು ಹೋಗುತ್ತದೆ. ಆಗಲೇ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುವುದು. ಇದಕ್ಕೆ ಮದ್ದು ಸುಲಭ: ಹೇಳಿ ಕೂರಿಸಬಹುದಾದವರನ್ನು ಬೆಳಕಿನ ಕಡೆಗೆ ಕರೆತನ್ನಿ. ಪಡಸಾಲೆಯ ಬಾಗಿಲ ಬಳಿ, ಜಗಲಿಯ ನೆರಳಿನಲ್ಲಿ, ಕಿಟಕಿಯ ಪಕ್ಕದಲ್ಲಿ ಕುಳಿತ ಮುದುಕರ ಮುಖದ ಗೆರೆಗಳು ಎಷ್ಟು ಅಂದವಾಗಿ ಮೂಡುತ್ತವೆಂಬುದನ್ನು ಒಮ್ಮೆ ಪರೀಕ್ಷಿಸಿ ನೋಡಿರಿ. ಆದರೆ ಕಿಟಕಿಯನ್ನು ಬೆನ್ನಿಗಿಟ್ಟು ಕೂರಿಸಬಾರದು. ಆಗ ಯಂತ್ರವು ಕಿಟಕಿಯ ಬೆಳಕನ್ನೇ ನೋಡಿ ಮೋಸಹೋಗಿ ಮುಖವನ್ನು ಕಪ್ಪಾಗಿಸುತ್ತದೆ. ಬಿಳಿಯ ಗೋಡೆಯ ಮುಂದೆ ಬಿಳಿಯ ಪಂಚೆಯುಟ್ಟು ನಿಂತವರ ವಿಷಯವೂ ಹೀಗೆಯೇ. ಕಂಡದ್ದೆಲ್ಲವೂ ನಸುಬೂದಿಯ ಬಣ್ಣವೆಂದು ಯಂತ್ರದ ನಂಬಿಕೆ. ಮೆನುವಿನಲ್ಲಿ ಕೂಡುವ ಕಳೆಯುವ ಗುರುತುಗಳುಳ್ಳ ಬೆಳಕಿನ ಅಳತೆಯೊಂದಿದೆ. ಅದನ್ನು ಕೂಡುವ ಕಡೆಗೆ ಒಂದು ಮನೆ ಸರಿಸಿದರೆ ಬಿಳಿಯು ಬಿಳಿಯಾಗಿ, ಮುಖವು ಮುಖವಾಗಿ ಬರುತ್ತದೆ.

ಫ್ಲ್ಯಾಷಿನ ಶಕ್ತಿಯನ್ನು ಜನರು ಹೆಚ್ಚಾಗಿ ನಂಬುತ್ತಾರೆ. ಸಣ್ಣ ಕ್ಯಾಮರಾದ ಮಿಂಚು ಹತ್ತು ಹನ್ನೆರಡು ಅಡಿಗಳಿಗಿಂತ ಹೆಚ್ಚು ದೂರ ಹೋಗಲಾರದು; ಮಸೂರವನ್ನು ಮುಂದಕ್ಕೆ ಚಾಚಿದಾಗ ಇನ್ನೂ ಕಡಮೆ. ಕಲ್ಯಾಣಮಂಟಪದ ಕೊನೆಯ ಸಾಲಿನಲ್ಲಿ ಕುಳಿತು ಮಂಟಪದ ಕಡೆಗೆ ಮಿಂಚಿಸುವವರಿಗೆ ಮುಂದಿನ ಸಾಲಿನವರ ತಲೆಗಳಷ್ಟೇ ಲಾಭ. ಹತ್ತಿರದಿಂದ ನೇರವಾಗಿ ಮಿಂಚಿಸಿದರೆ ಬೆಳಕು ಕಣ್ಣಿನ ಹಿಂಭಾಗದ ರಕ್ತನಾಳಗಳಿಂದ ಮರಳಿ ಬಂದು ಪಾಪೆಗಳು ಕೆಂಪಾಗಿ ಕಾಣುತ್ತವೆ. ಕೋಣೆಯ ದೀಪಗಳನ್ನೆಲ್ಲ ಹಚ್ಚಿದರೆ ಪಾಪೆ ಕಿರಿದಾಗಿ ಇದು ಕಡಮೆಯಾಗುತ್ತದೆ. ಆರತಿಯ, ದೀಪಾವಳಿಯ ಹಣತೆಗಳ ಚಿತ್ರಕ್ಕಂತೂ ಫ್ಲ್ಯಾಷನ್ನು ನಿಲ್ಲಿಸಲೇಬೇಕು. ಇಲ್ಲದಿದ್ದರೆ ಜ್ಯೋತಿ ಸತ್ತು ಗೋಡೆ ಮಾತ್ರ ಬೆಳಗುತ್ತದೆ. ಅಂತಹ ಸಮಯದಲ್ಲಿ ಕ್ಯಾಮರಾವನ್ನು ಮಣೆಯ ಮೇಲೋ ಪುಸ್ತಕಗಳ ಮೇಲೋ ಇಟ್ಟು, ಎರಡು ಸೆಕೆಂಡು ತಡೆದು ತಾನೇ ತೆಗೆದುಕೊಳ್ಳುವ ಟೈಮರಿಗೆ ಹೇಳಿದರೆ ಬೆರಳಿನ ಅಲುಗಾಟವೂ ತಗಲುವುದಿಲ್ಲ.

ಇನ್ನು ತೆಗೆದ ಮೇಲಿನ ಒಂದು ಗಂಟೆ. ನಮ್ಮ ಮನೆಯಲ್ಲಿ ಕೆಲಸ ಕೆಟ್ಟಿದ್ದು ಇಲ್ಲಿಯೇ ಆದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಮೆಮೊರಿ ಕಾರ್ಡು ಚಿತ್ರಗಳ ಮನೆಯಲ್ಲ. ಅದು ಚಿತ್ರಗಳನ್ನು ಮನೆಗೆ ತರುವ ಗಾಡಿ. ಸಮಾರಂಭವಾದ ದಿನವೋ ಮರುದಿನವೋ ಕಾರ್ಡನ್ನು ಓದುವ ಸಾಧನದಿಂದ ಅಥವಾ ಕ್ಯಾಮರಾದ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿರಿ. ಡಿಸಿಐಎಂ ಎಂಬ ಹೆಸರಿನ ಕಡತದೊಳಗೆ ಚಿತ್ರಗಳೆಲ್ಲ ಇರುತ್ತವೆ. ಯಾವ ಸಂಸ್ಥೆಯ ಕ್ಯಾಮರಾವಾದರೂ ಈ ಹೆಸರು ಒಂದೇ. ಕಂಪ್ಯೂಟರಿನಲ್ಲಿ ವರ್ಷ, ತಿಂಗಳು, ಸಂದರ್ಭಗಳ ಹೆಸರಿನಿಂದ ಒಂದು ಹೊಸ ಕಡತವನ್ನು ಮಾಡಿ, ಅಲ್ಲಿಗೆ ಚಿತ್ರಗಳನ್ನು ಸಾಗಿಸದೆ ನಕಲು ಮಾಡಿರಿ. ನಡುವೆ ವಿದ್ಯುತ್ತು ಹೋದರೂ ಮೂಲವು ಕಾರ್ಡಿನಲ್ಲಿರುತ್ತದೆ. ಎರಡು ಕಡೆಯ ಎಣಿಕೆಯೂ ಒಂದೇ ಆಗಿದೆಯೇ ಎಂದು ನೋಡಿ, ನಾಲ್ಕಾರು ಚಿತ್ರಗಳನ್ನು ತೆರೆದು ಪರೀಕ್ಷಿಸಿರಿ. ಬಳಿಕ ಮತ್ತೊಂದು ನಕಲನ್ನು ಬೇರೆ ಡಿಸ್ಕಿನಲ್ಲಿ ಇಟ್ಟು, ಸಾಧ್ಯವಾದರೆ ಅದನ್ನು ತಮ್ಮನ ಮನೆಯಲ್ಲೋ ಮಗಳ ಮನೆಯಲ್ಲೋ ಇರಿಸಿರಿ. ಕಳವಿಗೂ ಬೆಂಕಿಗೂ ಎರಡು ಮನೆಗಳು ಒಟ್ಟಿಗೆ ಸಿಕ್ಕುವುದು ಅಪರೂಪ. ಹೀಗೆ ಎರಡು ನಕಲುಗಳಾದ ಮೇಲೆಯೇ, ಅದೂ ಈ ಕೆಲಸವನ್ನು ಮಾಡಿದವರ ಕೈಯಿಂದಲೇ, ಕಾರ್ಡನ್ನು ಬರಿದು ಮಾಡತಕ್ಕದ್ದು. ಮನೆಯಲ್ಲಿ ಇದಕ್ಕೆ ಒಬ್ಬರನ್ನು ನೇಮಿಸಿಡಿ. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ.

ಒಂದು ವೇಳೆ ಕೈತಪ್ಪಿ ಚಿತ್ರಗಳು ಅಳಿಸಿಹೋದರೆ ಕೂಡಲೆ ಹತಾಶರಾಗಬೇಕಾಗಿಲ್ಲ. ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ವಿಷಯಸೂಚಿಕೆ ಮಾತ್ರ. ಪುಟಗಳು ಹಾಗೆಯೇ ಇರುತ್ತವೆ. ಆ ಕ್ಷಣವೇ ಕಾರ್ಡನ್ನು ಹೊರತೆಗೆದು, ಮತ್ತೊಂದು ಚಿತ್ರವನ್ನೂ ತೆಗೆಯದೆ, ತಿಳಿದವರಿಂದ ಕಂಪ್ಯೂಟರಿನಲ್ಲಿ ಹುಡುಕಿಸಿದರೆ ಅನೇಕ ವೇಳೆ ಮರಳಿ ದೊರೆಯುವುದುಂಟು. ಅವುಗಳ ಮೇಲೆ ಹೊಸ ಚಿತ್ರಗಳನ್ನು ಬರೆದ ಮೇಲೆ ಮಾತ್ರ ಯಾರಿಂದಲೂ ಸಾಧ್ಯವಿಲ್ಲ. ಹುಡುಗರ ಪ್ರವಾಸದ ನಾನೂರು ಚಿತ್ರಗಳು ನಮಗೆ ಮಾಡಿದುದು ಇದನ್ನೇ. ಅಳಿಸಿದ ದಿನವೇ ತಿಳಿದಿದ್ದರೆ ತಂದೆಯವರ ಚಿತ್ರಗಳು ಬಹುಶಃ ಉಳಿಯುತ್ತಿದ್ದವು.

ಬೀರುವಿನಿಂದ ಹಳೆಯ ಕ್ಯಾಮರಾವನ್ನು ತೆಗೆಯುವವರಿಗೆ ಎರಡು ಮಾತು. ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ ಅದನ್ನು ಚಾರ್ಜು ಮಾಡಬಾರದು, ಚುಚ್ಚಬಾರದು, ಕಸದ ಬುಟ್ಟಿಗೂ ಹಾಕಬಾರದು. ವಿದ್ಯುನ್ಮಾನ ಕಸವನ್ನು ಕೊಳ್ಳುವವರಿಗೆ ಒಪ್ಪಿಸಬೇಕು. ಮತ್ತು ಒಳಗಿರುವ ಕಾರ್ಡನ್ನೂ ಒಡಲಿನ ಜಾಗವನ್ನೂ ಮೊದಲು ನೋಡಿ, ಅಲ್ಲಿರುವುದನ್ನೆಲ್ಲ ನಕಲು ಮಾಡಿಕೊಂಡ ಮೇಲೆಯೇ ಹೊಸ ಚಿತ್ರಕ್ಕೆ ಕೈಯಿಡಿ. ಯಾರು ಯಾರ ಮುಖಗಳು ಅಲ್ಲಿ ಕಾದು ಕುಳಿತಿರುವುವೋ ಹೇಳಲಾಗದು.

ಯಂತ್ರದ ಆರೈಕೆ ಹೆಚ್ಚಿನದೇನೂ ಅಲ್ಲ. ಮಸೂರವನ್ನು ಬೆರಳಿನಿಂದ ಮುಟ್ಟದೆ, ಮುಟ್ಟಿದರೆ ಕನ್ನಡಕವನ್ನು ಒರೆಸುವ ಮೃದುವಾದ ಬಟ್ಟೆಯಿಂದ ಒರೆಸಬೇಕು. ಸಮುದ್ರತೀರದ ಮರಳು ಮಸೂರದ ಕೊಳವೆಯಲ್ಲಿ ಸಿಕ್ಕಿದರೆ ಅದು ಮುಂದಕ್ಕೂ ಬಾರದೆ ಹಿಂದಕ್ಕೂ ಹೋಗದೆ ಕಚ್ಚಿಕೊಳ್ಳುತ್ತದೆ. ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಗಾಜಿನ ಮೇಲೆ ಬೂಷ್ಟು ಬೆಳೆಯುವುದರಿಂದ, ಬಿಗಿಯಾದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದೊಡನೆ ಇಟ್ಟು, ವಾರಕ್ಕೊಮ್ಮೆ ಹೊರತೆಗೆದು ಬಳಸುವುದು ಉತ್ತಮ.

ಕೊನೆಯದಾಗಿ ಒಂದು ಸೂಚನೆ. ಕ್ಯಾಮರಾವು ದಿನವನ್ನು ಬರೆಯುತ್ತದೆ, ಗಂಟೆಯನ್ನು ಬರೆಯುತ್ತದೆ. ಚಿತ್ರದಲ್ಲಿರುವವರು ನಮಗೆ ಏನಾಗಬೇಕೆಂಬುದನ್ನು ಬರೆಯುವುದಿಲ್ಲ. ವರ್ಷಕ್ಕೆ ಇಪ್ಪತ್ತು ಚಿತ್ರಗಳನ್ನಾದರೂ ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಲ್ಬಮ್ಮಿನಲ್ಲಿ ಒಂದೊಂದರ ಕೆಳಗೂ ಹೆಸರುಗಳನ್ನು ಬರೆದಿಡಿ. ಈ ಕೆಲಸಕ್ಕೆ ಮಕ್ಕಳನ್ನು ಸೇರಿಸಿಕೊಂಡರೆ ಅವರಿಗೆ ಬಳಗದ ಪರಿಚಯವೂ ಆಗುತ್ತದೆ.

ನಮ್ಮ ಮನೆಯಲ್ಲಿ ಉಳಿದುದು ಆ ಹದಿನಾಲ್ಕು ಚಿತ್ರಗಳು. ಕಾರ್ಡನ್ನು ಬರಿದು ಮಾಡಿದಾಗ ಕ್ಯಾಮರಾದ ಒಡಲಿನಲ್ಲಿದ್ದವುಗಳಿಗೆ ಏನೂ ಆಗಿರಲಿಲ್ಲವೆಂಬುದು ಬಹುದಿನಗಳ ಮೇಲೆ ತಿಳಿಯಿತು. ಅವುಗಳಲ್ಲಿ ಏಳು ರಂಗವಲ್ಲಿಯವು, ಮೂರು ತೆಂಗಿನಕಾಯಿಯ ರಾಶಿಯವು, ಎರಡು ತೊಲೆಯವು. ಇನ್ನೊಂದರಲ್ಲಿ ಯಾರದೋ ಬೆರಳು ಅಡ್ಡ ಬಂದಿದೆ. ಹದಿನಾಲ್ಕನೆಯದರಲ್ಲಿ, ಹೋಮಕ್ಕೆ ಕೂರುವ ಮೊದಲು ತಂದೆಯವರು ಜಗಲಿಯ ಮೇಲೆ ಕುಳಿತು, ನಮ್ಮ ತಾಯಿಯವರು ಕೊಟ್ಟ ಕಾಫಿಯ ಲೋಟವನ್ನು ಬೇಡವೆಂದು ಕೈಯಾಡಿಸುತ್ತಿದ್ದಾರೆ. ಬೆಳಗಿನ ಬೆಳಕು ಇಬ್ಬರ ಮುಖದ ಮೇಲೂ ಚೆನ್ನಾಗಿ ಬಿದ್ದಿದೆ. ಯಂತ್ರವು ಅದರಲ್ಲಿ ಬರೆದಿರುವ ತಾರೀಖು ೨೦೦೮ನೆಯ ಇಸವಿಯ ಜನವರಿ ಒಂದು. ಸರಿಯಾದ ತಾರೀಖನ್ನು ಪಟದ ಹಿಂಬದಿಯಲ್ಲಿ ನಾನೇ ಕೈಯಿಂದ ಬರೆದು, ಅದನ್ನು ನಡುಮನೆಯ ಗೋಡೆಗೆ ಹಾಕಿದ್ದೇನೆ. ನಮ್ಮ ವಾಚಕರ ಮನೆಗಳಲ್ಲಿ ಹದಿನಾಲ್ಕಲ್ಲ, ಇನ್ನೂರೂ ಉಳಿಯಲಿ.